ಜವಾರಿ ಕೋಳಿ ಸಾರಿನಲ್ಲಿ ಬೆಂದ ಜೋಳದ ಕಡುಬು: ಒಂದೇ ಬೋಗುಣಿಯಲ್ಲಿ ಮನೆಮಂದಿಯ ಊಟ

ಕೋಳಿ ಸಾರನ್ನು ಒಂದು ಪಾತ್ರೆಯಲ್ಲಿ, ಕಡುಬನ್ನು ಇನ್ನೊಂದರಲ್ಲಿ ಬೇಯಿಸಿ, ಉಣ್ಣುವ ಹೊತ್ತಿಗೆ ಗಂಗಾಳದಲ್ಲಿ ಎರಡನ್ನೂ ಕೂಡಿಸುವುದು ಒಂದು ಪದ್ಧತಿ. ಕುದಿಯುವ ಸಾರಿನೊಳಗೇ ಹಸಿ ಕಡುಬನ್ನು ಬಿಟ್ಟು, ಅದು ಸಾರನ್ನು ಕುಡಿಯುತ್ತಲೇ ಬೇಯುವಂತೆ ಮಾಡುವುದು ಇನ್ನೊಂದು. ನಾನಿಲ್ಲಿ ವಿವರಿಸುವುದು ಎರಡನೆಯದನ್ನು. ರಾಯಚೂರಿನ ನಮ್ಮ ಮನೆಯಲ್ಲಿ ಮಳೆ ಹಿಡಿದ ರಾತ್ರಿಗಳಲ್ಲಿ, ಡಿಸೆಂಬರ್ ತಿಂಗಳ ಚಳಿಯಲ್ಲಿ, ಇಲ್ಲವೇ ಯಾರಾದರೂ ಜ್ವರದಿಂದ ಎದ್ದು ಬಾಯಿ ರುಚಿ ಕಳೆದುಕೊಂಡು ಕುಳಿತಾಗ ಈ ಅಡುಗೆಯಾಗುತ್ತದೆ. ರೊಟ್ಟಿ ಬಡಿಯುವ ಕೆಲಸವಿಲ್ಲ, ಅನ್ನಕ್ಕೆ ಬೇರೆ ಇಡಬೇಕಾಗಿಲ್ಲ. ಒಂದು ದೊಡ್ಡ ಬೋಗುಣಿಯ ಸುತ್ತ ಮನೆಯವರೆಲ್ಲ ಕುಳಿತು ಬಿಸಿ ಬಿಸಿಯಾಗಿ ಉಣ್ಣಬಹುದು. ಹೊತ್ತು ಮಾತ್ರ ಹಿಡಿಯುತ್ತದೆ: ಜವಾರಿ ಕೋಳಿಯಾದರೆ ಒಲೆ ಹೊತ್ತಿಸಿದಾಗಿನಿಂದ ಬಡಿಸುವವರೆಗೆ ಎರಡು ತಾಸು ಬೇಕು.

ಮೊದಲೇ ಒಂದು ಮಾತು ಹೇಳುತ್ತೇನೆ. ಈ ಅಡುಗೆ ಕೆಡುವುದು ಕೋಳಿಯಿಂದಲ್ಲ, ಹಿಟ್ಟಿನಿಂದ. ಆದ್ದರಿಂದ ಹಿಟ್ಟಿನ ವಿಚಾರವನ್ನೇ ಮುಂದಿಟ್ಟುಕೊಂಡು ಆರಂಭಿಸುತ್ತೇನೆ.

ಹಿಟ್ಟು

ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಜೋಳದಲ್ಲಿಲ್ಲ. ಗೋಧಿ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿದರೂ ಅದು ಎಳೆದಂತೆ ಬಗ್ಗುತ್ತದೆ. ಜೋಳದ ಹಿಟ್ಟನ್ನು ಹಾಗೆ ಕಲಸಿ ಉಂಡೆ ಕಟ್ಟಿದರೆ ಸಾರಿಗೆ ಬಿದ್ದ ಎರಡೇ ನಿಮಿಷಕ್ಕೆ ಬಿಚ್ಚಿ ಗಂಜಿಯಾಗುತ್ತದೆ. ಜೋಳದ ಹಿಟ್ಟನ್ನು ಹಿಡಿದಿಡುವುದು ಅದರ ಪಿಷ್ಟ, ಅಂದರೆ ಗಂಜಿಯ ಅಂಶ. ಆ ಪಿಷ್ಟದ ಕಣಗಳು ಸುಮಾರು 70 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಲ್ಲಿ ಮಾತ್ರ ನೀರು ಹೀರಿ, ಉಬ್ಬಿ, ಜಿಗಿಯಾಗುತ್ತವೆ. ನಮ್ಮ ಕಡೆಯ ಹೆಣ್ಣುಮಕ್ಕಳು ರೊಟ್ಟಿಗೆ ಎಸರು ಹಾಕಿ ಹಿಟ್ಟು ನಾದುವುದರ ಹಿಂದಿನ ಕಾರಣವೂ ಇದೇ. ಕಡುಬಿಗಂತೂ ಎಸರು ಇಲ್ಲದೆ ಆಗುವುದೇ ಇಲ್ಲ.

ಬಿಳಿಜೋಳ ಇರಲಿ. ರಾಯಚೂರು, ಕೊಪ್ಪಳ, ಬಳ್ಳಾರಿಗಳ ಎರೆಹೊಲಗಳಲ್ಲಿ ಹಿಂಗಾರಿಗೆ ಬಿತ್ತುವ ಮಾಲದಂಡಿ ಜೋಳ, ಅಂದರೆ ಕೃಷಿ ಇಲಾಖೆಯವರು ಎಂ 35-1 ಎಂದು ಬರೆಯುವ ತಳಿ, ಸಿಕ್ಕರೆ ಬೇರೆ ಹುಡುಕುವುದೇ ಬೇಡ. ಅದರ ಹಿಟ್ಟು ಬೆಳ್ಳಗಿದ್ದು ಸವಿಯಾಗಿರುತ್ತದೆ. ಅದಕ್ಕಿಂತಲೂ ಮುಖ್ಯವಾದದ್ದು ಹಿಟ್ಟಿನ ವಯಸ್ಸು. ಗಿರಣಿಯಿಂದ ತಂದು ಒಂದು ವಾರದೊಳಗಿನ ಹಿಟ್ಟೇ ಆಗಬೇಕು. ಮದುವೆಯಾದ ಹೊಸತರಲ್ಲಿ ನಾನು ಅಂಗಡಿಯಿಂದ ಪೊಟ್ಟಣದ ಹಿಟ್ಟು ತಂದು, ಅದು ಎಂದು ಬೀಸಿದ್ದೆಂದು ನೋಡದೆ ಕಡುಬು ಕಟ್ಟಿದ್ದೆ. ಊರಿನಿಂದ ಬಂದ ನೆಂಟರು ಗಂಗಾಳದ ಮುಂದೆ ಕುಳಿತಿದ್ದಾಗ, ಬೋಗುಣಿಯಲ್ಲಿ ಒಂದು ಕಡುಬೂ ಉಳಿಯದೆ ಸಾರೆಲ್ಲ ಅಂಬಲಿಯಂತಾಯಿತು. ನಮ್ಮತ್ತೆ ಒಂದು ಮಾತೂ ಆಡದೆ ಅದಕ್ಕೆ ಇನ್ನಷ್ಟು ಬಿಸಿನೀರು, ಉಪ್ಪು ಬೆರೆಸಿ, ಪಕ್ಕದಲ್ಲಿ ರೊಟ್ಟಿ ಬಡಿದು ಹಾಕಿದರು. ಅಂದಿನಿಂದ ಈ ಅಡುಗೆಗೆ ಹಿಂದಿನ ದಿನವೇ ಒಂದು ಸೇರು ಜೋಳ ಗಿರಣಿಗೆ ಕಳಿಸುವುದು ನನ್ನ ರೂಢಿ. ಸಣ್ಣಗೆ ಬೀಸಿಸಿ, ತರಿ ಇದ್ದರೆ ಕಡುಬಿನ ಅಂಚು ಸೀಳುತ್ತದೆ.

ಕುಷ್ಟಗಿ, ಯಲಬುರ್ಗಾ ಕಡೆಯವರು ಸಜ್ಜೆ ಹಿಟ್ಟಿನಲ್ಲಿಯೂ ಇದನ್ನು ಮಾಡಬಹುದು. ಮೈಗೆ ಬಿಸಿ ಕೊಡುವ ಚಳಿಗಾಲದ ಊಟಕ್ಕೆ ಅದು ಒಪ್ಪುತ್ತದೆ. ಆದರೆ ಸಜ್ಜೆಯಲ್ಲಿ ಎಣ್ಣೆಯ ಅಂಶ ಹೆಚ್ಚಿರುವುದರಿಂದ ಅದರ ಹಿಟ್ಟು ನಾಲ್ಕೈದು ದಿನಕ್ಕೇ ಕಹಿಯಾಗತೊಡಗುತ್ತದೆ. ಆ ಕಹಿ ಇಡೀ ಸಾರಿಗೆ ಇಳಿಯುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಕಾಲುವೆಗೆ ನೀರು ಬಂದ ಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪಗಳ ಹೊಲಗಳಲ್ಲಿ ಭತ್ತ ತುಂಬಿಕೊಂಡಿತು. ಆ ಕಡೆಯ ಮನೆಗಳಲ್ಲಿ ಅಕ್ಕಿ ಹಿಟ್ಟೇ ಕೈಗೆ ಬೇಗ ಸಿಗುತ್ತದೆ. ಮೂರು ಪಾಲು ಜೋಳಕ್ಕೆ ಒಂದು ಪಾಲು ಅಕ್ಕಿ ಹಿಟ್ಟು ಬೆರೆಸಿದರೆ ಕಡುಬು ಇನ್ನಷ್ಟು ನುಣುಪಾಗುತ್ತದೆ, ಒಡೆಯುವ ಭಯವೂ ಕಡಿಮೆ. ಮೊದಲ ಸಲ ಮಾಡುವವರಿಗೆ ಈ ಬೆರಕೆಯನ್ನೇ ನಾನು ಹೇಳುತ್ತೇನೆ.

ಕೋಳಿ

ಐದಾರು ಜನಕ್ಕೆ ಎಲುಬು ಸಹಿತ ಒಂದು ಕಿಲೋ ಮಾಂಸ ಸಾಕು, ಏಕೆಂದರೆ ಹೊಟ್ಟೆ ತುಂಬಿಸುವ ಕೆಲಸ ಕಡುಬಿನದು, ರುಚಿ ಕೊಡುವ ಕೆಲಸ ಕೋಳಿಯದು. ಎದೆಯ ಭಾಗವನ್ನಷ್ಟೇ ತಂದು ಈ ಸಾರು ಮಾಡಬಾರದು. ಕಾಲು, ಕುತ್ತಿಗೆ, ಬೆನ್ನು, ರೆಕ್ಕೆ ಇವುಗಳ ಎಲುಬು ಮತ್ತು ಕೀಲುಗಳ ಸುತ್ತ ಇರುವ ಕೊಲ್ಯಾಜೆನ್ ನಿಧಾನದ ಉರಿಯಲ್ಲಿ ಕರಗಿ ಜೆಲಟಿನ್ ಆಗಿ, ಸಾರಿಗೆ ತುಟಿಗೆ ಅಂಟುವಂಥ ಒಂದು ಮೈ ಕೊಡುತ್ತದೆ. ಹೊಲ, ತಿಪ್ಪೆ ತಿರುಗಿ ಮೇಯ್ದು ಹಲವು ತಿಂಗಳು ಬೆಳೆದ ಜವಾರಿ ಕೋಳಿಯಲ್ಲಿ ಇದು ಹೆಚ್ಚು. ಸುಮಾರು ಆರು ವಾರಕ್ಕೇ ಅಂಗಡಿಗೆ ಬರುವ ಫಾರಂ ಕೋಳಿಯಲ್ಲಿ ಕಡಿಮೆ. ಎರಡರ ನಡುವೆ ಬೇಕೆಂದರೆ ಗಿರಿರಾಜ ಕೋಳಿ ಇದೆ.

ಸಾಧ್ಯವಾದರೆ ಚರ್ಮ ಸಹಿತ ಕೊಡಿರೆಂದು ಅಂಗಡಿಯವರಿಗೆ ಮೊದಲೇ ಹೇಳಿ. ಪುಕ್ಕ ತೆಗೆದ ಕೋಳಿಗೆ ಅರಿಸಿನ ಸವರಿ ಉರಿಯ ಮೇಲೆ ಹೊರಳಿಸಿ ಸುಟ್ಟಾಗ ಬರುವ ವಾಸನೆ ಚರ್ಮ ಸುಲಿದ ಮಾಂಸಕ್ಕೆ ಬರುವುದಿಲ್ಲ. ಹಳ್ಳಿಯ ಮನೆಗಳಲ್ಲಿ ಬಳ್ಳಾರಿ ಜಾಲಿಯ ಕಟ್ಟಿಗೆಯ ಉರಿಗೆ ಹಿಡಿಯುತ್ತಾರೆ. ಪಟ್ಟಣದವರು ಗ್ಯಾಸಿನ ಉರಿಯಲ್ಲಿಯೂ ಎಚ್ಚರದಿಂದ ಮಾಡಬಹುದು. ಸುಟ್ಟ ಮೇಲೆ ಮಸಿಯನ್ನು ಚಾಕುವಿನಿಂದ ಹೆರೆದು, ತುಂಡುಗಳನ್ನು ದೊಡ್ಡದಾಗಿಯೇ ಕತ್ತರಿಸಿ. ಸಣ್ಣ ತುಂಡು ಒಂದು ತಾಸು ಕುದಿಯುವಾಗ ಎಲುಬು ಬಿಟ್ಟು ಚೂರಾಗುತ್ತದೆ. ತೊಳೆಯುವಾಗ ನಲ್ಲಿಯ ಕೆಳಗೆ ಹಿಡಿದು ನೀರು ಸಿಡಿಸದೆ, ಪಾತ್ರೆಯ ನೀರಿನಲ್ಲಿ ಮೆಲ್ಲಗೆ ತೊಳೆಯಿರಿ. ಹಸಿ ಕೋಳಿಯ ನೀರು ಸಿಡಿದಲ್ಲೆಲ್ಲ ರೋಗಾಣುಗಳು ಹರಡುತ್ತವೆ. ಚಾಕು, ಕತ್ತರಿಸಿದ ಹಲಗೆ, ಕೈ ಮೂರನ್ನೂ ಸಾಬೂನಿನಿಂದ ತೊಳೆದ ಮೇಲೆಯೇ ಹಿಟ್ಟಿಗೆ ಕೈ ಹಾಕಬೇಕು.

ಸಾರು

ತಳ ದಪ್ಪಗಿರುವ, ಬಾಯಿ ಅಗಲವಾದ, ಐದಾರು ಲೀಟರ್ ಹಿಡಿಯುವ ಬೋಗುಣಿ ಬೇಕು. ಬಾಯಿ ಅಗಲವಿರಬೇಕೆನ್ನುವುದು ಅಂದಕ್ಕಲ್ಲ; ಕಡುಬುಗಳು ಒಂದರ ಮೇಲೊಂದು ಬೀಳದೆ ಹರಡಿಕೊಳ್ಳಲು ಜಾಗ ಬೇಕು.

ಮೂರು ಚಮಚ ಶೇಂಗಾ ಎಣ್ಣೆ ಅಥವಾ ಕುಸುಬಿ ಎಣ್ಣೆ ಕಾಯಿಸಿ, ಸಣ್ಣಗೆ ಹೆಚ್ಚಿದ ಒಂದು ಉಳ್ಳಾಗಡ್ಡಿಯನ್ನು ಕೆಂಪಗಾಗುವವರೆಗೆ ಹುರಿಯಿರಿ. ಹದಿನೈದು ಎಸಳು ಬಳ್ಳೊಳ್ಳಿ, ಹೆಬ್ಬೆರಳಿನಷ್ಟು ಹಸಿಶುಂಠಿ ಜಜ್ಜಿ ಹಾಕಿ, ಹಸಿ ವಾಸನೆ ಹೋದ ಮೇಲೆ ಕೋಳಿ, ಒಂದು ಚಮಚ ಅರಿಸಿನ, ಒಂದೂವರೆ ಚಮಚ ಉಪ್ಪು ಸೇರಿಸಿ. ಇಲ್ಲಿ ಆತುರಪಟ್ಟು ನೀರು ಸುರಿಯಬೇಡಿ. ಕೋಳಿ ತನ್ನ ನೀರನ್ನು ತಾನೇ ಬಿಟ್ಟು, ಆ ನೀರು ಇಂಗಿ, ಎಣ್ಣೆ ಮತ್ತೆ ಅಂಚಿನಲ್ಲಿ ಕಾಣುವವರೆಗೆ ಹತ್ತು ಹನ್ನೆರಡು ನಿಮಿಷ ತಿರುವುತ್ತ ಹುರಿಯಬೇಕು. ಸಾರಿನ ಬಣ್ಣ, ಘಮ ಎರಡೂ ಈ ಹಂತದಲ್ಲಿಯೇ ಹುಟ್ಟುತ್ತವೆ.

ಅನಂತರ ಎರಡೂವರೆ ಲೀಟರ್ ಕುದಿಯುವ ನೀರು ಹಾಕಿ, ಒಮ್ಮೆ ಕುದಿ ಬಂದ ಮೇಲೆ ನೊರೆ ತೆಗೆದು, ಉರಿ ಇಳಿಸಿ, ಮುಚ್ಚಳವನ್ನು ಸ್ವಲ್ಪ ಓರೆಯಾಗಿಟ್ಟು ಬೇಯಲು ಬಿಡಿ. ಸಾರು ಕೊತಕೊತನೆ ಕುದಿಯಬಾರದು. ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿದ್ದರೆ ಸಾಕು. ಜವಾರಿ ಕೋಳಿಗೆ ಒಂದು ತಾಸಿನಿಂದ ಒಂದೂಕಾಲು ತಾಸು, ಫಾರಂ ಕೋಳಿಗೆ ಇಪ್ಪತ್ತೈದು ನಿಮಿಷ. ಹೊತ್ತಿಲ್ಲದವರು ಕುಕ್ಕರಿನಲ್ಲಿ ಜವಾರಿ ಕೋಳಿಯನ್ನು ನಾಲ್ಕೈದು ಸೀಟಿ ಕೂಗಿಸಿ, ಅನಂತರ ಅಗಲ ಬೋಗುಣಿಗೆ ಸುರಿದುಕೊಳ್ಳಬಹುದು. ಕುಕ್ಕರಿನೊಳಗೇ ಕಡುಬು ಬೇಯಿಸಲು ಮಾತ್ರ ಹೋಗಬೇಡಿ, ಅವು ಕಣ್ಣಿಗೆ ಕಾಣುತ್ತಿರಬೇಕು. ತೊಡೆಯ ದಪ್ಪ ಭಾಗಕ್ಕೆ ಚುಚ್ಚಿದಾಗ ಎಲುಬಿನ ಬಳಿ ನಸುಗೆಂಪು ಉಳಿದಿರಬಾರದು. ಅಡುಗೆಯ ಥರ್ಮಾಮೀಟರ್ ಇದ್ದವರು ಅಲ್ಲಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿತೇ ಎಂದು ನೋಡಿಕೊಳ್ಳಬಹುದು.

ಮನೆಯಲ್ಲಿ ಸಣ್ಣ ಮಕ್ಕಳು, ಹಾಸಿಗೆ ಹಿಡಿದ ಹಿರಿಯರು ಇದ್ದರೆ, ಮಸಾಲೆ ಬೀಳುವ ಮುಂಚೆ ಈ ತಿಳಿಸಾರಿನಲ್ಲಿ ಎರಡು ಬಟ್ಟಲು ತೆಗೆದಿಟ್ಟು, ಕುಟ್ಟಿದ ಮೆಣಸಿನ ಕಾಳು ಚಿಟಿಕೆಯಷ್ಟು ಉದುರಿಸಿ. ಅವರ ಪಾಲಿನ ನಾಲ್ಕು ಕಡುಬನ್ನು ಅದರಲ್ಲೇ ಬೇರೆ ಬೇಯಿಸಿಕೊಡಬಹುದು.

ಕೋಳಿ ಬೇಯುತ್ತಿರುವಾಗ ಮಸಾಲೆ ಸಿದ್ಧಮಾಡಿಕೊಳ್ಳಿ. ಎರಡು ಚಮಚ ಧನಿಯಾ, ಒಂದು ಚಮಚ ಜೀರಿಗೆ, ಹತ್ತು ಮೆಣಸಿನ ಕಾಳು, ನಾಲ್ಕು ಲವಂಗ, ಬೆರಳುದ್ದ ಚಕ್ಕೆ, ಒಂದಿಷ್ಟು ಕಲ್ಲುಹೂವು ಇವನ್ನು ಸಣ್ಣ ಉರಿಯಲ್ಲಿ ಹುರಿದಿಟ್ಟು, ಅದೇ ಬಾಣಲೆಯಲ್ಲಿ ಬಣ್ಣಕ್ಕೆಂದು ಆರು ಬ್ಯಾಡಗಿ ಮೆಣಸಿನಕಾಯಿ, ಖಾರಕ್ಕೆಂದು ಮೂರು ಗುಂಟೂರು ಮೆಣಸಿನಕಾಯಿ ಬೆಚ್ಚಗೆ ಮಾಡಿ. ನಾಲ್ಕು ಚಮಚ ತುರಿದ ಒಣಕೊಬ್ಬರಿ, ಒಂದು ಚಮಚ ಎಳ್ಳು, ಒಂದು ಚಮಚ ಗಸಗಸೆ ಕೊನೆಗೆ ಹುರಿಯಬೇಕು. ಎರಡು ಉಳ್ಳಾಗಡ್ಡಿಯನ್ನು ಸಿಪ್ಪೆ ಸಹಿತ ಉರಿಯಲ್ಲಿ ಸುಟ್ಟು, ಕರಿದಾದ ಸಿಪ್ಪೆ ತೆಗೆದು, ಇವೆಲ್ಲವುಗಳ ಜೊತೆಗೆ ನುಣ್ಣಗೆ ರುಬ್ಬಿಕೊಳ್ಳಿ. ತರಿ ಉಳಿಯದಂತೆ ರುಬ್ಬುವುದು ಇಲ್ಲಿ ಬೇರೆಲ್ಲ ಸಾರಿಗಿಂತ ಹೆಚ್ಚು ಅಗತ್ಯ. ತರಿ ತಳಕ್ಕೆ ಕೂತು, ಕಡುಬು ಬಿಡುವ ಗಂಜಿಯೊಡನೆ ಸೇರಿ ಸೀಯುತ್ತದೆ.

ಕೋಳಿ ಬೆಂದ ಮೇಲೆ ತುಂಡುಗಳನ್ನೆಲ್ಲ ಜಾಲರಿ ಸೌಟಿನಿಂದ ಎತ್ತಿ ಒಂದು ಪಾತ್ರೆಯಲ್ಲಿ ಮುಚ್ಚಿಡಿ. ರುಬ್ಬಿದ ಮಸಾಲೆಯಲ್ಲಿ ಅರ್ಧವನ್ನು ಮಾತ್ರ ಸಾರಿಗೆ ಕದಡಿ ಹತ್ತು ನಿಮಿಷ ಕುದಿಸಿ, ಉಳಿದರ್ಧವನ್ನು ಕಡೆಗೆ ಇಟ್ಟುಕೊಳ್ಳಿ. ಮಸಾಲೆಯನ್ನು ಹೀಗೆ ಎರಡು ಪಾಲು ಮಾಡುವುದನ್ನು ನಾನು ತಡವಾಗಿ ಕಲಿತೆ. ಕಡುಬು ಬೇಯುವಾಗ ಸಾರು ತೆಳ್ಳಗಿರಬೇಕು, ಬಡಿಸುವಾಗ ದಪ್ಪಗಿರಬೇಕು. ಎಲ್ಲ ಮಸಾಲೆಯನ್ನೂ ಒಮ್ಮೆಲೇ ಹಾಕಿದರೆ ಎರಡೂ ಆಗುವುದಿಲ್ಲ. ಈ ಹೊತ್ತಿಗೆ ಬೋಗುಣಿಯಲ್ಲಿ ಎರಡು ಲೀಟರಿನಷ್ಟು ಸಾರು ಇದ್ದರೆ ಸರಿ. ಕಡಿಮೆಯಿದ್ದರೆ ಬಿಸಿನೀರು ಬೆರೆಸಿ. ಉಪ್ಪು ನೋಡಿ, ನಾಲಿಗೆಗೆ ಒಂದು ಗುಲಗಂಜಿಯಷ್ಟು ಮುಂದೆಯೇ ಇರಲಿ. ಕಡುಬು ಉಪ್ಪನ್ನೂ ಸಾರಿನೊಡನೆ ಎಳೆದುಕೊಳ್ಳುತ್ತದೆ.

ಎಸರು ಹಾಕುವುದು, ನಾದುವುದು

ಎರಡೂವರೆ ವಾಟಗ, ಅಂದರೆ ಸುಮಾರು ಮುನ್ನೂರು ಗ್ರಾಂ ಹಿಟ್ಟನ್ನು ಪರಾತಕ್ಕೆ ಜರಡಿ ಹಿಡಿದು, ಒಂದು ಹಿಡಿ ಹಿಟ್ಟನ್ನು ಕೈಗೆ ಹಚ್ಚಿಕೊಳ್ಳಲು ಪಕ್ಕಕ್ಕೆ ತೆಗೆದಿಡಿ. ಅರ್ಧ ಚಮಚ ಉಪ್ಪು, ಅರ್ಧ ಚಮಚ ಜೀರಿಗೆ, ಒಂದು ಚಮಚ ಎಣ್ಣೆ ಹಾಕಿ ನಡುವೆ ಗುಣಿ ಮಾಡಿಕೊಳ್ಳಿ. ಇನ್ನೊಂದು ಪಾತ್ರೆಯಲ್ಲಿ ಮುನ್ನೂರು ಮಿಲಿಲೀಟರ್ ನೀರು ಸಳಸಳನೆ ಕುದಿಯುತ್ತಿರಲಿ. ಈ ನೀರಿಗೆ ಬದಲಾಗಿ ಅರ್ಧ ನೀರು, ಅರ್ಧ ತಿಳಿಸಾರು ಕುದಿಸಿ ಹಾಕಿದರೆ ಕಡುಬಿನ ನಡುಭಾಗಕ್ಕೂ ಕೋಳಿಯ ರುಚಿ ಇಳಿಯುತ್ತದೆ. ನಾನು ಹೀಗೆಯೇ ಮಾಡುತ್ತೇನೆ. ಆಗ ಹಿಟ್ಟಿಗೆ ಉಪ್ಪು ಕಾಲು ಚಮಚಕ್ಕೆ ಇಳಿಸಬೇಕು.

ಕುದಿಯುವ ನೀರನ್ನು ಮುಕ್ಕಾಲು ಪಾಲು ಒಮ್ಮೆಲೇ ಗುಣಿಗೆ ಸುರಿದು, ಮುಟಿಗೆ ಕೋಲಿನಿಂದಲೋ ಸೌಟಿನ ಹಿಡಿಕೆಯಿಂದಲೋ ಹಿಟ್ಟನ್ನು ಅದರ ಮೇಲೆ ಎಳೆದು ಮುಚ್ಚಿ, ಐದು ನಿಮಿಷ ತಟ್ಟೆ ಮುಚ್ಚಿಡಿ. ಈ ಐದು ನಿಮಿಷ ಬಿಡುವುದನ್ನು ಹಲವರು ತಪ್ಪಿಸುತ್ತಾರೆ, ಅದು ಸರಿಯಲ್ಲ. ಒಳಗಿನ ಹಬೆಗೆ ಹಿಟ್ಟು ಅರೆಬೇಯುವುದು ಆಗಲೇ. ಅನಂತರ ಕೈ ತಾಳುವಷ್ಟು ಬಿಸಿ ಇರುವಾಗಲೇ, ಆಗಾಗ ಕೈಯನ್ನು ತಣ್ಣೀರಿಗೆ ಅದ್ದಿಕೊಳ್ಳುತ್ತ, ಅಂಗೈಯ ಬುಡದಿಂದ ಒತ್ತಿ ಒತ್ತಿ ಏಳೆಂಟು ನಿಮಿಷ ನಾದಬೇಕು. ಒಣಗಿದಂತೆ ಕಂಡರೆ ಉಳಿಸಿದ ಬಿಸಿನೀರನ್ನು ಚಮಚ ಚಮಚವಾಗಿ ಸೇರಿಸಿ. ಒಂದು ಉಂಡೆ ಮಾಡಿ ಹೆಬ್ಬೆರಳಿನಿಂದ ಒತ್ತಿದಾಗ ಅಂಚಿನಲ್ಲಿ ಬಿರುಕು ಬಿಡದಿದ್ದರೆ ಹದ ಬಂದಿದೆ. ಬಿರುಕು ಬಿಟ್ಟರೆ ಇನ್ನೂ ನಾದಿ. ಬೆರಳಿಗೆ ಮೆತ್ತಿಕೊಂಡರೆ ಒಣಹಿಟ್ಟು ಸವರಿ.

ಬೆಟ್ಟಡಿಕೆಗಿಂತ ತುಸು ದೊಡ್ಡ ಉಂಡೆ ಹಿಡಿದು, ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ನಡುವೆ ಒತ್ತಿ ಬಟ್ಟಲಿನಂತೆ ತಗ್ಗು ಮಾಡಿ. ತಗ್ಗಿನಿಂದ ಎರಡು ಉಪಯೋಗ: ನಡುಭಾಗ ತೆಳುವಾಗಿ ಒಳಗಿನವರೆಗೂ ಬೇಯುತ್ತದೆ, ಉಣ್ಣುವಾಗ ಅದರಲ್ಲಿ ಸಾರು ನಿಲ್ಲುತ್ತದೆ. ಈ ಹಿಟ್ಟಿಗೆ ಐವತ್ತು ಅರವತ್ತು ಕಡುಬು ಆಗುತ್ತವೆ. ಮಕ್ಕಳನ್ನು ಕೂರಿಸಿಕೊಂಡು ಮಾಡುವ ಕೆಲಸವಿದು; ನಮ್ಮ ಮನೆಯಲ್ಲಿ ಯಾರ ಬೆರಳಿನ ಗುರುತು ಯಾವ ಕಡುಬಿನ ಮೇಲಿದೆ ಎಂದು ಊಟದ ಹೊತ್ತಿಗೆ ಮಕ್ಕಳು ಹುಡುಕುತ್ತಾರೆ. ಮಾಡಿಟ್ಟವುಗಳ ಮೇಲೆ ಒದ್ದೆ ಬಟ್ಟೆ ಹೊದಿಸಿ, ಇಲ್ಲದಿದ್ದರೆ ನಮ್ಮ ಊರಿನ ಒಣಗಾಳಿಗೆ ಹತ್ತೇ ನಿಮಿಷದಲ್ಲಿ ಮೇಲ್ಮೈ ಸೀಳುತ್ತದೆ.

ಕಡುಬು ಬಿಡುವುದು

ಸಾರಿನ ಉರಿ ಏರಿಸಿ, ಈಗ ಅದು ಜೋರಾಗಿಯೇ ಕುದಿಯಬೇಕು. ಮೊದಲು ಒಂದೇ ಒಂದು ಕಡುಬನ್ನು ಬಿಟ್ಟು ಮೂರು ನಿಮಿಷ ಕಾಯಿರಿ. ಅದು ಗಟ್ಟಿಯಾಗಿ ನಿಂತರೆ ಉಳಿದವುಗಳನ್ನೂ ಬಿಡಬಹುದು. ಅಂಚು ಕರಗಿ ಸಾರು ಬೆಳ್ಳಗಾಗತೊಡಗಿದರೆ, ಉಳಿದ ಹಿಟ್ಟಿಗೆ ಎರಡು ಚಮಚ ಗೋಧಿ ಹಿಟ್ಟು ಸೇರಿಸಿ ಮತ್ತೆ ನಾದಿ ಕಟ್ಟಿಕೊಳ್ಳಿ. ಒಂದು ಕಡುಬು ಹೋದರೆ ನಷ್ಟವಿಲ್ಲ, ಅರವತ್ತೂ ಹೋದರೆ ಆ ಹೊತ್ತಿನ ಊಟವೇ ಹೋಗುತ್ತದೆ.

ನಾಲ್ಕೈದರಂತೆ, ಬೇರೆ ಬೇರೆ ಜಾಗದಲ್ಲಿ, ಕುದಿ ನಿಲ್ಲದಂತೆ ಬಿಡುತ್ತ ಹೋಗಿ. ಎಲ್ಲವನ್ನೂ ಒಮ್ಮೆಲೇ ಸುರಿದರೆ ಸಾರು ತಣಿದು, ಕಡುಬಿನ ಹೊರಮೈ ಗಟ್ಟಿಯಾಗುವ ಮೊದಲೇ ನೆನೆದು ಬಿಚ್ಚುತ್ತದೆ. ಮೊದಲ ನಾಲ್ಕು ನಿಮಿಷ ಸೌಟು ಮುಟ್ಟಿಸಲೇಬಾರದು. ತಳ ಹಿಡಿದೀತೆಂಬ ಅನುಮಾನ ಬಂದರೆ ಬೋಗುಣಿಯ ಎರಡು ಅಂಚನ್ನೂ ಬಟ್ಟೆಯಿಂದ ಹಿಡಿದು ಮೆಲ್ಲಗೆ ಅಲುಗಾಡಿಸಿ. ಐದಾರು ನಿಮಿಷಕ್ಕೆ ಒಂದೊಂದಾಗಿ ಮೇಲೆ ತೇಲುತ್ತವೆ. ತೇಲಿದ ಮಾತ್ರಕ್ಕೆ ಬೆಂದವೆಂದು ತಿಳಿಯಬೇಡಿ. ಉರಿಯನ್ನು ನಡುವಿನಷ್ಟಕ್ಕೆ ಇಳಿಸಿ, ಮುಚ್ಚಳ ಮುಚ್ಚಿ, ಇನ್ನೂ ಎಂಟು ಹತ್ತು ನಿಮಿಷ ಬಿಡಬೇಕು. ಒಂದನ್ನು ತೆಗೆದು ಎರಡಾಗಿ ಕತ್ತರಿಸಿ ನೋಡಿ: ನಡುವೆ ಬಿಳಿಯ ಒಣ ಹಿಟ್ಟಿನ ಚುಕ್ಕೆ ಕಂಡರೆ ಇನ್ನೂ ಹಸಿ, ಎಲ್ಲೆಡೆ ಒಂದೇ ಬಣ್ಣವಾಗಿ ಹೊಳೆದರೆ ಬೆಂದಿದೆ. ನಡುವೆ ಸಾರು ತೀರಾ ಗಟ್ಟಿಯಾದರೆ ಕುದಿಯುವ ನೀರನ್ನೇ ಸೇರಿಸಿ. ತಣ್ಣೀರು ಸುರಿದ ಗಳಿಗೆಯೇ ಕಡುಬಿನ ಮೈ ಬಿಡುತ್ತದೆ.

ಈಗ ಎತ್ತಿಟ್ಟ ಕೋಳಿಯ ತುಂಡುಗಳನ್ನೂ ಅದು ಬಿಟ್ಟ ರಸವನ್ನೂ ಮರಳಿ ಹಾಕಿ, ಉಳಿದರ್ಧ ಮಸಾಲೆಯನ್ನು ಒಂದು ಸೌಟು ಸಾರಿನಲ್ಲಿ ಕದಡಿ ಸೇರಿಸಿ, ಸಣ್ಣ ಉರಿಯಲ್ಲಿ ಐದು ನಿಮಿಷ ಕುದಿಸಿ. ಹಿಡಿಯಷ್ಟು ಕೊತ್ತಂಬರಿ ಸೊಪ್ಪು ಉದುರಿಸಿ ಒಲೆ ಆರಿಸಿದ ಮೇಲೆ ಹತ್ತು ನಿಮಿಷ ಮುಚ್ಚಿದ ಹಾಗೆಯೇ ಇರಲಿ. ಒಲೆಯಿಂದ ಇಳಿಸಿದ ಕೂಡಲೇ ಬಡಿಸಿದರೆ ಸಾರು ಬೇರೆ, ಕಡುಬು ಬೇರೆ ಎನ್ನಿಸುತ್ತದೆ; ಹತ್ತು ನಿಮಿಷ ಕಳೆದರೆ ಸಾರು ಹದವಾಗಿ ಮಂದವಾಗಿ ಕಡುಬಿಗೆ ಹೊಂದಿಕೊಂಡಿರುತ್ತದೆ. ಆಳವಾದ ಗಂಗಾಳಕ್ಕೆ ಹತ್ತು ಕಡುಬು, ಎರಡು ತುಂಡು, ಅವು ಮುಳುಗುವಷ್ಟು ಸಾರು ಬಡಿಸಿ, ಲಿಂಬೆಹಣ್ಣಿನ ಹೋಳು, ಹಸಿ ಉಳ್ಳಾಗಡ್ಡಿ ಪಕ್ಕಕ್ಕಿಡಿ. ಸಾರಿಗೆ ಹುಣಸೆಹುಳಿ ಹಾಕುವವರಿದ್ದಾರೆ. ಹುಳಿ ಕೋಳಿಯ ಸವಿಯನ್ನು ಮುಚ್ಚುತ್ತದೆ ಎನ್ನುವುದು ನನ್ನ ಅಭಿಪ್ರಾಯ, ಲಿಂಬೆಯಾದರೆ ಅವರವರ ಗಂಗಾಳದ ಮಟ್ಟಿಗೆ ಇರುತ್ತದೆ.

ಮೈದಾ ಹಿಟ್ಟಿನ ಮೆತ್ತನೆಯ ಕಡುಬು

ಸಾರಿನಲ್ಲಿ ಹಿಟ್ಟಿನ ಉಂಡೆ ಬೇಯಿಸಿ ಮನೆಮಂದಿಗೆಲ್ಲ ಬಡಿಸುವುದು ಬೇರೆ ದೇಶಗಳಲ್ಲಿಯೂ ಇದೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ‘ಚಿಕನ್ ಅಂಡ್ ಡಂಪ್ಲಿಂಗ್ಸ್’ ಎಂಬುದು ಮನೆಮನೆಯ ಅಡುಗೆ. ಅಲ್ಲಿ ಖಾರ, ಕೊಬ್ಬರಿ ಇಲ್ಲ. ಕೋಳಿಯ ಜೊತೆ ಉಳ್ಳಾಗಡ್ಡಿ, ಗಜ್ಜರಿ, ಸೆಲರಿ ದಂಟು ಬೇಯಿಸಿದ ತಿಳಿಸಾರು ಇರುತ್ತದೆ. ಕಡುಬು ಮಾತ್ರ ಎರಡು ಬಗೆ: ಕೆಲವರು ಹಿಟ್ಟನ್ನು ಲಟ್ಟಿಸಿ ಪಟ್ಟಿಪಟ್ಟಿಯಾಗಿ ಕತ್ತರಿಸಿ ಬಿಡುತ್ತಾರೆ, ಕೆಲವರು ಸಡಿಲ ಹಿಟ್ಟನ್ನು ಚಮಚದಿಂದ ಬಿಡುತ್ತಾರೆ. ಜೋಳ ಒಲ್ಲೆನೆನ್ನುವ ಮಕ್ಕಳಿಗೆ ಚಮಚದಿಂದ ಬಿಡುವ ಬಗೆ ಸುಲಭ. ಒಂದು ಕಪ್ ಮೈದಾಕ್ಕೆ ಒಂದೂವರೆ ಚಹಾ ಚಮಚ ಬೇಕಿಂಗ್ ಪೌಡರ್, ಅರ್ಧ ಚಹಾ ಚಮಚ ಉಪ್ಪು ಬೆರೆಸಿ, ಎರಡು ಚಮಚ ಗಟ್ಟಿ ಬೆಣ್ಣೆಯನ್ನು ಬೆರಳ ತುದಿಯಿಂದ ಉಜ್ಜಿ, ಅರ್ಧ ಕಪ್ ತಣ್ಣನೆ ಹಾಲು ಹಾಕಿ ಒಣಹಿಟ್ಟು ಕಾಣದಷ್ಟು ಮಾತ್ರ ಕಲಸಿ. ಜೋಳವನ್ನು ಎಷ್ಟು ನಾದಬೇಕೋ ಇದನ್ನು ಅಷ್ಟು ನಾದಬಾರದು. ನಾದಿದರೆ ಗ್ಲುಟೆನ್ ಬಿಗಿದು ರಬ್ಬರಿನಂತಾಗುತ್ತದೆ. ಸಣ್ಣಗೆ ಕುದಿಯುವ ಸಾರಿನ ಮೇಲೆ ಚಮಚದಿಂದ ಬಿಟ್ಟು, ಮುಚ್ಚಳ ಮುಚ್ಚಿ, ಹದಿನೈದು ನಿಮಿಷ ತೆರೆಯದೆ ಬಿಡಿ. ಅವುಗಳ ಕೆಳಭಾಗ ಸಾರಿನಲ್ಲಿ, ಮೇಲ್ಭಾಗ ಹಬೆಯಲ್ಲಿ ಬೇಯುವುದರಿಂದ ನಡುವೆ ಮುಚ್ಚಳ ತೆರೆದರೆ ಉಬ್ಬುವುದಿಲ್ಲ.

ಉಳಿದರೆ

ನಮ್ಮ ಸೀಮೆಯ ಬೇಸಿಗೆಯಲ್ಲಿ ಕೋಳಿ ಸಾರನ್ನು ಹೊರಗೆ ಬಿಡುವಂತಿಲ್ಲ. ಸಾಧಾರಣ ದಿನಗಳಲ್ಲಿ ಎರಡು ತಾಸಿನೊಳಗೆ, ಬಿಸಿಲು 32 ಡಿಗ್ರಿ ಸೆಲ್ಸಿಯಸ್ ಮೀರಿದ ದಿನಗಳಲ್ಲಿ ಒಂದು ತಾಸಿನೊಳಗೆ ಅಗಲ ಪಾತ್ರೆಗೆ ಹರಡಿ ಫ್ರಿಜ್‌ನಲ್ಲಿಡಬೇಕು. ಮರುದಿನ ನೋಡಿದರೆ ಸಾರೆಲ್ಲ ಹೆಪ್ಪುಗಟ್ಟಿ, ಕಡುಬು ಕಲ್ಲಿನಂತೆ ಬಿರುಸಾಗಿರುತ್ತದೆ. ಹೆದರಬೇಕಾಗಿಲ್ಲ, ತಣಿದಾಗ ಪಿಷ್ಟ ಗಟ್ಟಿಯಾಗುವುದು ಸಹಜ. ಎರಡು ಬಟ್ಟಲು ನೀರು ಬೆರೆಸಿ, ಸಣ್ಣ ಉರಿಯಲ್ಲಿ ಮುಚ್ಚಿಟ್ಟು, ನಡುವಿನವರೆಗೂ ಚೆನ್ನಾಗಿ ಕುದಿ ಬರುವಂತೆ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತವೆ. ಸಾರು ತೀರಿ ಕಡುಬು ಮಾತ್ರ ಉಳಿದಿದ್ದರೆ ಎರಡೆರಡು ಹೋಳು ಮಾಡಿ, ಸಾಸಿವೆ, ಕರಿಬೇವು, ಜಜ್ಜಿದ ಬಳ್ಳೊಳ್ಳಿಯ ಒಗ್ಗರಣೆಯಲ್ಲಿ ಅಂಚು ಕೆಂಪಗಾಗುವಂತೆ ಹುರಿದು, ಮೇಲೆ ಶೇಂಗಾ ಪುಡಿ ಉದುರಿಸಿ ಬೆಳಗಿನ ನಾಷ್ಟಾಕ್ಕೆ ಕೊಡಿ.